ದಿನದ ಲೆಕ್ಕ ಆಯಾ ದಿನದ ಹೆಸರಲ್ಲೇ ಸೇವ್ ಆಗಬೇಕು, ಮ್ಯಾಕ್ರೋ ಸಾಕೇ?

ಓದುಗರ ಪ್ರಶ್ನೆ: "ನಮಸ್ಕಾರ ಸರ್. ಮಂಡ್ಯ ಎಪಿಎಂಸಿ ಯಾರ್ಡಿನ ಒಂದು ಬೆಲ್ಲದ ಮಂಡಿಯಲ್ಲಿ ಲೆಕ್ಕ ಬರೀತೀನಿ. ದಿನಾ ಬೆಳಿಗ್ಗೆ ಹಿಂದಿನ ದಿನದ ಎಕ್ಸೆಲ್ ಫೈಲ್ ತೆಗೆದು, ಒಳಗಿರೋದನ್ನೆಲ್ಲ ಅಳಿಸಿ, ಸೇವ್ ಆಸ್ ಕೊಟ್ಟು ಇವತ್ತಿನ ತಾರೀಖು ಹಾಕ್ತೀನಿ. ಹೋದ ವಾರ ಯಾರೋ ರೈತರ ಜೊತೆ ಮಾತಾಡ್ತಾ, ಅಳಿಸಿದ ಮೇಲೆ ಕಂಟ್ರೋಲ್ ಎಸ್ ಒತ್ತಿಬಿಟ್ಟೆ. ಹಿಂದಿನ ದಿನದ ಲೆಕ್ಕ ಪೂರ್ತಿ ಹೋಯ್ತು. ಮ್ಯಾಕ್ರೋ ಹಾಕಿದರೆ ಫೈಲ್ ತಾನಾಗೇ ಹೆಸರು ಬದಲಾಯಿಸಿಕೊಂಡು ಸೇವ್ ಆಗುತ್ತಂತೆ, ಹೌದಾ? ನನಗೆ ಕೋಡಿಂಗ್ ಬರಲ್ಲ."

ಹೌದು, ಆಗುತ್ತದೆ. ಮ್ಯಾಕ್ರೋ ಎಂದರೆ ಎಕ್ಸೆಲ್‌ಗೆ ಬರೆದಿಟ್ಟ ಆಜ್ಞೆಗಳ ಸಾಲು, ಒಂದು ಬಟನ್ ಒತ್ತಿದರೆ ಅಷ್ಟೂ ಕೆಲಸ ತಾನಾಗಿ ನಡೆಯುತ್ತದೆ. ಕೋಡಿಂಗ್ ಬರದಿದ್ದರೂ ಮಾಡಿಕೊಳ್ಳಬಹುದು.

ಮೊದಲು ಹೋದ ವಾರದ ವಿಷಯ. ಫೈಲ್ ಮುಚ್ಚುವ ಮುಂಚೆ ತಪ್ಪು ಗೊತ್ತಾಗಿದ್ದರೆ ಕಂಟ್ರೋಲ್ ಝಡ್ ಒತ್ತುತ್ತ ಹೋಗಿದ್ದರೆ ಸಾಕಿತ್ತು. ಈಗಿನ ಎಕ್ಸೆಲ್‌ನಲ್ಲಿ ಸೇವ್ ಮಾಡಿದ ಮೇಲೂ ಹಿಂದಕ್ಕೆ ಹೋಗಲು ಬರುತ್ತದೆ, ನೂರು ಹೆಜ್ಜೆವರೆಗೆ. ಫೈಲ್ ಮುಚ್ಚಿದರೆ ಮಾತ್ರ ಆ ದಾರಿಯೂ ಮುಚ್ಚುತ್ತದೆ. ಮುಂದೆ ಯಾವತ್ತಾದರೂ ಹೀಗಾದರೆ ಗಾಬರಿಯಲ್ಲಿ ಫೈಲ್ ಮುಚ್ಚಬೇಡಿ.

ನಿಮ್ಮ ಪ್ರಶ್ನೆಯಲ್ಲಿ "ಹೆಸರು ಬದಲಾಯಿಸಿಕೊಂಡು" ಎಂಬ ಮಾತಿದೆ. ಈ ಪ್ರಶ್ನೆ ಕೇಳುವ ಹೆಚ್ಚಿನವರು ಬಳಸುವ ಮಾತೂ ಅದೇ, ಮತ್ತು ತೊಂದರೆಯ ಬೇರು ಅಲ್ಲೇ ಇದೆ. ನಿಮಗೆ ಬೇಕಾಗಿರುವುದು ಹೆಸರು ಬದಲಿಸುವುದಲ್ಲ. ಖಾಲಿ ನಮೂನೆಯ ಒಂದು ಮೂಲ ಫೈಲ್ ಹಾಗೆಯೇ ಉಳಿಯಬೇಕು, ಅದರಿಂದ ದಿನಕ್ಕೊಂದು ನಕಲು ಹೊರಗೆ ಬರಬೇಕು. ನಿನ್ನೆಯ ಪುಸ್ತಕದ ಹಾಳೆ ಅಳಿಸಿ ಇವತ್ತಿನ ಲೆಕ್ಕ ಬರೆಯುವವರು ಯಾರೂ ಇಲ್ಲ. ಕಂಪ್ಯೂಟರ್‌ನಲ್ಲಿ ಮಾತ್ರ ನಾವು ದಿನಾ ಅದನ್ನೇ ಮಾಡುತ್ತಿರುತ್ತೇವೆ.

ಎಕ್ಸೆಲ್‌ನ ಮ್ಯಾಕ್ರೋ ಭಾಷೆ ವಿಬಿಎ. 1993ರಿಂದ ಎಕ್ಸೆಲ್ ಜೊತೆಗೇ ಬರುತ್ತಿದೆ. ಅದರಲ್ಲಿ ಈ ಕೆಲಸಕ್ಕೆ ಮೂರು ಆಜ್ಞೆಗಳಿವೆ, ಮೂರೂ ಬೇರೆ ಬೇರೆ. ಸೇವ್‌ಆಸ್ ಎಂದರೆ ತೆರೆದಿರುವ ಫೈಲ್ ಹೊಸ ಹೆಸರಿಗೆ ದಾಟಿಕೊಳ್ಳುತ್ತದೆ. ಹಳೆಯದು ಕೊನೆಯ ಸಲ ಸೇವ್ ಆದಾಗ ಹೇಗಿತ್ತೋ ಹಾಗೆ ಡಿಸ್ಕ್‌ನಲ್ಲಿ ಉಳಿಯುತ್ತದೆ, ನಿಮ್ಮ ಕೈ ಆಡುವುದು ಇನ್ನು ಹೊಸದರಲ್ಲಿ. ಸೇವ್‌ಕಾಪಿಆಸ್ ಎಂದರೆ ನಕಲೊಂದು ಡಿಸ್ಕ್‌ಗೆ ಹೋಗುತ್ತದೆ, ನೀವು ಮಾತ್ರ ಮೂಲದಲ್ಲೇ ಇರುತ್ತೀರಿ. ನೇಮ್ ಎಂಬುದು ನಿಜವಾಗಿ ಹೆಸರು ಬದಲಿಸುವ ಆಜ್ಞೆ. ಅದು ಮುಚ್ಚಿರುವ ಫೈಲ್‌ಗೆ ಮಾತ್ರ ನಡೆಯುತ್ತದೆ, ತೆರೆದಿರುವ ಫೈಲ್‌ಗೆ ಕೊಟ್ಟರೆ ದೋಷ ತೋರಿಸಿ ನಿಲ್ಲುತ್ತದೆ.

ಹಾಗಾದರೆ ಸೇವ್‌ಕಾಪಿಆಸ್ ಸಾಕಲ್ಲವೇ ಅನ್ನಿಸಬಹುದು. ರಾತ್ರಿ ಮನೆಗೆ ಹೋಗುವ ಮುಂಚೆ ಪೆನ್‌ಡ್ರೈವ್‌ಗೆ ಒಂದು ಪ್ರತಿ ಹಾಕಿಡಲು ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ದಿನದ ಲೆಕ್ಕಕ್ಕೆ ನಾನು ಅದನ್ನು ಹೇಳುವುದಿಲ್ಲ. ಅದು ಇಡೀ ಫೈಲನ್ನು ಮ್ಯಾಕ್ರೋ ಸಮೇತ ನಕಲು ಮಾಡುತ್ತದೆ. ಮೂರು ತಿಂಗಳ ಹಿಂದಿನ ಫೈಲ್ ತೆಗೆದು ನೋಡುವಾಗ ಅದರಲ್ಲೂ ಅದೇ ಬಟನ್ ಇರುತ್ತದೆ, ಯಾರೋ ಒತ್ತುತ್ತಾರೆ. ಇನ್ನೊಂದು: ಅದು ಮೂಲದ ಬಗೆಯಲ್ಲೇ ಬರೆಯುತ್ತದೆ. ಮ್ಯಾಕ್ರೋ ಇರುವ ಎಕ್ಸ್‌ಎಲ್‌ಎಸ್‌ಎಂ (.xlsm) ಫೈಲ್‌ನ ನಕಲಿಗೆ ನೀವು ಮ್ಯಾಕ್ರೋ ಇಲ್ಲದ ಸಾದಾ ಫೈಲ್‌ನ ಎಕ್ಸ್‌ಎಲ್‌ಎಸ್‌ಎಕ್ಸ್ (.xlsx) ಎಂಬ ಬಾಲ ಅಂಟಿಸಿದರೆ ಒಳಗಿನದು ಬದಲಾಗುವುದಿಲ್ಲ. ಆಮೇಲೆ ತೆರೆಯಲು ಹೋದಾಗ ಫೈಲ್‌ನ ಬಗೆ ಸರಿಯಿಲ್ಲ ಎಂದು ಎಕ್ಸೆಲ್ ಕೈಯೆತ್ತುತ್ತದೆ.

ಹೀಗಾಗಿ ದಿನದ ಶೀಟ್ ಒಂದನ್ನೇ ಹೊಸ ಫೈಲಾಗಿ ಹೊರತೆಗೆಯುವ ದಾರಿ ಹಿಡಿಯೋಣ. ಇದನ್ನು ಬರೆಯಬೇಕಾಗಿಲ್ಲ, ರೆಕಾರ್ಡ್ ಮಾಡಬಹುದು.

ಮೂಲ ಫೈಲನ್ನು ಎಕ್ಸ್‌ಎಲ್‌ಎಸ್‌ಎಂ ಬಗೆಯಲ್ಲಿ ಸೇವ್ ಮಾಡಿ. ಅದರಲ್ಲಿ ಎರಡು ಶೀಟ್ ಇರಲಿ. ಒಂದರಲ್ಲಿ ನಿಮ್ಮ ದಿನದ ಲೆಕ್ಕ: ರೈತರ ಹೆಸರು, ಊರು, ಅಚ್ಚು ಬೆಲ್ಲವೋ ಬಕೆಟ್ ಬೆಲ್ಲವೋ, ತೂಕ, ದರ, ಹಮಾಲಿ. ಇನ್ನೊಂದರಲ್ಲಿ ಬಟನ್ ಮತ್ತು ಮೂರು ಸೆಲ್ ಮಾತ್ರ. ಬಟನ್ನನ್ನು ಲೆಕ್ಕದ ಶೀಟ್‌ನಲ್ಲೇ ಇಟ್ಟರೆ ನಕಲಿನ ಜೊತೆ ಅದೂ ಹೊರಗೆ ಹೋಗುತ್ತದೆ. ಎರಡೂ ಶೀಟ್‌ಗಳ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ. ಕಾರಣ ಮುಂದೆ ಹೇಳುತ್ತೇನೆ.

ಈಗ ಆ ಮೂರು ಸೆಲ್. ಈ ಉತ್ತರದಲ್ಲಿ ನೀವು ಒಂದೇ ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ: ಫೈಲ್‌ನ ಹೆಸರನ್ನು ಕೋಡ್‌ನೊಳಗೆ ಕಟ್ಟಬೇಡಿ, ಕಣ್ಣಿಗೆ ಕಾಣುವ ಸೆಲ್‌ನಲ್ಲಿ ಕಟ್ಟಿ. ಮೊದಲ ಸೆಲ್‌ನಲ್ಲಿ ತಾರೀಖು, ಎರಡನೆಯದರಲ್ಲಿ ಫೋಲ್ಡರ್‌ನ ವಿಳಾಸ, ಮೂರನೆಯದರಲ್ಲಿ ಎರಡನ್ನೂ ಜೋಡಿಸಿ ಪೂರ್ತಿ ಹೆಸರು ಮಾಡುವ ಸೂತ್ರ. ಫೋಲ್ಡರ್, ಒಂದು ಹಿಮ್ಮುಖ ಗೆರೆ (\), ಟೆಕ್ಸ್ಟ್ ಫಂಕ್ಷನ್ನಿನಿಂದ ರೂಪ ಕೊಟ್ಟ ತಾರೀಖು, ಕೊನೆಗೆ ಎಕ್ಸ್‌ಎಲ್‌ಎಸ್‌ಎಕ್ಸ್ ಎಂಬ ಬಾಲ, ಇವಿಷ್ಟನ್ನು ಆಂಪರ್‌ಸೆಂಡ್ (&) ಚಿಹ್ನೆಯಿಂದ ಸೇರಿಸಿದರೆ ಆಯಿತು. ಬಟನ್ ಒತ್ತುವ ಮುಂಚೆಯೇ ಯಾವ ಹೆಸರಲ್ಲಿ ಸೇವ್ ಆಗುತ್ತದೆಂದು ಎದುರಿಗೆ ಕಾಣುತ್ತದೆ. ತಪ್ಪಿದ್ದರೆ ನಿಮಗೇ ಗೊತ್ತಾಗುತ್ತದೆ, ಕೋಡ್ ಮುಟ್ಟದೆ ಸರಿಮಾಡಬಹುದು.

ತಾರೀಖನ್ನು ನೀವೇ ಟೈಪ್ ಮಾಡಿ. ಇವತ್ತಿನ ತಾರೀಖನ್ನು ತಾನಾಗಿ ತರುವ ಫಂಕ್ಷನ್ ಇದೆ, ಸುಲಭ ಅನ್ನಿಸುತ್ತದೆ. ಆದರೆ ಶನಿವಾರದ ಲೆಕ್ಕವನ್ನು ಸೋಮವಾರ ಕೂತು ಏರಿಸುವ ದಿನ ಬಂದೇ ಬರುತ್ತದೆ, ಆಗ ಶನಿವಾರದ ಬೆಲ್ಲ ಸೋಮವಾರದ ಹೆಸರಲ್ಲಿ ಕೂತಿರುತ್ತದೆ. ನಮ್ಮ ಕಡೆ ತಾರೀಖನ್ನು ಚುಕ್ಕಿ ಇಟ್ಟು ಬರೆಯುವ ಅಭ್ಯಾಸವಿದೆ, 5.4.2025 ಎಂದು. ಎಕ್ಸೆಲ್ ಸಾಮಾನ್ಯವಾಗಿ ಇದನ್ನು ತಾರೀಖೆಂದು ಗುರುತಿಸುವುದಿಲ್ಲ, ಬರೀ ಅಕ್ಷರ ಎಂದು ಇಟ್ಟುಕೊಳ್ಳುತ್ತದೆ. ಬರೆದದ್ದು ಸೆಲ್‌ನ ಎಡಕ್ಕೆ ಅಂಟಿಕೊಂಡರೆ ಅಕ್ಷರ, ಬಲಕ್ಕೆ ಹೋದರೆ ತಾರೀಖು. ಅಡ್ಡಗೆರೆ (-) ಇಟ್ಟು ಬರೆದರೆ ಸರಿಹೋಗುತ್ತದೆ.

ಹೆಸರಿನಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ ಬರಲಿ: 2025-04-05. ಓದಲು ಉಲ್ಟಾ ಅನ್ನಿಸಿದರೂ ಫೋಲ್ಡರ್‌ನಲ್ಲಿ ಫೈಲ್‌ಗಳು ತಾರೀಖಿನ ಸಾಲಿನಲ್ಲೇ ನಿಲ್ಲುತ್ತವೆ. ದಿನ ಮೊದಲು ಬಂದರೆ ಹನ್ನೆರಡೂ ತಿಂಗಳ ಒಂದನೇ ತಾರೀಖುಗಳು ಒಟ್ಟಿಗೆ ಸೇರಿಕೊಳ್ಳುತ್ತವೆ. ಓರೆಗೆರೆ (/) ಮಾತ್ರ ಹೆಸರಿನಲ್ಲಿ ಎಲ್ಲೂ ಇರಬಾರದು. ವಿಂಡೋಸ್ ಅದನ್ನು ಫೋಲ್ಡರ್‌ನ ಗಡಿ ಎಂದು ಓದುತ್ತದೆ, ಮ್ಯಾಕ್ರೋ 1004 ಎಂಬ ದೋಷಸಂಖ್ಯೆ ತೋರಿಸಿ ನಿಲ್ಲುತ್ತದೆ. ಬಿಲ್ ನಂಬರನ್ನು ಹೆಸರಿಗೆ ಸೇರಿಸುವವರು ಇಲ್ಲೇ ಸಿಕ್ಕಿಬೀಳುತ್ತಾರೆ, ಏಕೆಂದರೆ ನಮ್ಮ ಬಿಲ್ ನಂಬರುಗಳೆಲ್ಲ 124/2025-26 ಎಂಬ ಬಗೆಯವು. ಸಬ್‌ಸ್ಟಿಟ್ಯೂಟ್ ಫಂಕ್ಷನ್ನಿನಿಂದ ಓರೆಗೆರೆಯನ್ನು ಅಡ್ಡಗೆರೆ ಮಾಡಿಕೊಳ್ಳಿ. ಕೋಲನ್, ನಕ್ಷತ್ರ, ಪ್ರಶ್ನೆಚಿಹ್ನೆ, ಜೋಡಿ ಉದ್ಧರಣ ಚಿಹ್ನೆ ಇವೂ ನಡೆಯುವುದಿಲ್ಲ. ಫೋಲ್ಡರ್ ಸೇರಿ ಪೂರ್ತಿ ವಿಳಾಸ 218 ಅಕ್ಷರ ದಾಟಿದರೂ ಎಕ್ಸೆಲ್ ಒಪ್ಪುವುದಿಲ್ಲ.

ಇನ್ನು ರೆಕಾರ್ಡಿಂಗ್. ವ್ಯೂ ಮೆನುವಿನ ಕೊನೆಯಲ್ಲಿ ಮ್ಯಾಕ್ರೋಸ್ ಇದೆ, ಅದರಡಿ ರೆಕಾರ್ಡ್ ಮ್ಯಾಕ್ರೋ. ಶುರುಮಾಡಿ, ಅವಸರವಿಲ್ಲದೆ ಹೀಗೆ ಮಾಡಿ. ಲೆಕ್ಕದ ಶೀಟ್‌ನ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ, ಮೂವ್ ಆರ್ ಕಾಪಿಯಲ್ಲಿ ಹೊಸ ಬುಕ್ ಆರಿಸಿ, ಕಾಪಿ ಎಂಬುದಕ್ಕೆ ಗುರುತು ಹಾಕಿ. ಹೊಸ ಫೈಲ್ ತೆರೆದುಕೊಳ್ಳುತ್ತದೆ. ಅದರಲ್ಲಿ ಎಲ್ಲವನ್ನೂ ಆರಿಸಿ, ಕಾಪಿ ಮಾಡಿ, ಅದೇ ಜಾಗದಲ್ಲಿ ಪೇಸ್ಟ್ ವ್ಯಾಲ್ಯೂಸ್ ಕೊಡಿ. ಇದನ್ನು ಬಿಡಬೇಡಿ. ಸೂತ್ರಗಳು ಮೂಲ ಫೈಲ್‌ನ ಕಡೆ ಕೈಚಾಚಿಕೊಂಡೇ ಉಳಿದರೆ, ನಾಳೆ ಮೂಲ ಬದಲಾದಾಗ ಇವತ್ತಿನ ಲೆಕ್ಕವೂ ಬದಲಾಗಬಹುದು. ಆಮೇಲೆ ಸೇವ್ ಆಸ್, ಫೈಲ್ ಮುಚ್ಚುವುದು. ಮೂಲಕ್ಕೆ ಬಂದು, ಟೈಪ್ ಮಾಡುವ ಸೆಲ್‌ಗಳನ್ನು ಮಾತ್ರ ಆರಿಸಿ ಅಳಿಸಿ. ಒಟ್ಟು ಮಾಡುವ ಸೂತ್ರಗಳನ್ನು ಮುಟ್ಟಬೇಡಿ. ರೆಕಾರ್ಡಿಂಗ್ ನಿಲ್ಲಿಸಿ, ಈ ಮ್ಯಾಕ್ರೋವನ್ನು ಇನ್ನೊಂದು ಶೀಟ್‌ನ ಬಟನ್‌ಗೆ ಜೋಡಿಸಿ.

ಆಲ್ಟ್ ಎಫ್11 ಒತ್ತಿದರೆ ನೀವು ಮಾಡಿದ್ದೆಲ್ಲ ಸಾಲುಸಾಲಾಗಿ ಬರೆದಿರುವುದು ಕಾಣುತ್ತದೆ. ಅದರಲ್ಲಿ ಸೇವ್‌ಆಸ್ ಎಂಬ ಪದವಿರುವ ಸಾಲನ್ನು ಹುಡುಕಿ. ಪಕ್ಕದಲ್ಲಿ ಉದ್ಧರಣ ಚಿಹ್ನೆಗಳ ನಡುವೆ ಇವತ್ತಿನ ಫೈಲ್‌ನ ಹೆಸರಿದೆ. ಆ ಹೆಸರನ್ನು ಉದ್ಧರಣ ಚಿಹ್ನೆ ಸಮೇತ ತೆಗೆದು, ಅಲ್ಲಿ ನಿಮ್ಮ ಮೂರನೆಯ ಸೆಲ್‌ನ ಗುರುತು ಬರೆಯಬೇಕು: ದಿಸ್‌ವರ್ಕ್‌ಬುಕ್, ಚುಕ್ಕಿ, ವರ್ಕ್‌ಶೀಟ್ಸ್ ಎಂದು ಬರೆದು ಕಂಸದಲ್ಲಿ ಶೀಟ್‌ನ ಹೆಸರು, ಚುಕ್ಕಿ, ರೇಂಜ್ ಎಂದು ಬರೆದು ಕಂಸದಲ್ಲಿ ಸೆಲ್‌ನ ಹೆಸರು, ಚುಕ್ಕಿ, ವ್ಯಾಲ್ಯೂ. ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಬೇಕು. ಕಂಸದೊಳಗಿನ ಎರಡು ಹೆಸರುಗಳಿಗೆ ಉದ್ಧರಣ ಚಿಹ್ನೆ ಇರಲಿ. ದಿಸ್‌ವರ್ಕ್‌ಬುಕ್ ಎಂದರೆ ಮ್ಯಾಕ್ರೋ ಇರುವ ಫೈಲ್. ಆಕ್ಟಿವ್‌ವರ್ಕ್‌ಬುಕ್ ಎಂದರೆ ಆ ಕ್ಷಣ ಮುಂದೆ ಇರುವ ಫೈಲ್. ಸೇವ್ ಆಗುವ ಹೊತ್ತಿಗೆ ಮುಂದೆ ಇರುವುದು ಹೊಸ ಫೈಲ್, ಅದರಲ್ಲಿ ನಿಮ್ಮ ಮೂರು ಸೆಲ್ ಇಲ್ಲ. ಅದಕ್ಕೇ ಈ ವ್ಯತ್ಯಾಸ ಮುಖ್ಯ. ಅದೇ ಸಾಲಿನಲ್ಲಿ ಫೈಲ್‌ಫಾರ್ಮ್ಯಾಟ್ ಎಂಬುದರ ಎದುರು ಇರುವುದನ್ನು ಹಾಗೇ ಬಿಡಿ. ಅದರ ಬದಲು ಸಂಖ್ಯೆ ಬರೆಯುವುದಾದರೆ ಮ್ಯಾಕ್ರೋ ಇಲ್ಲದ ಸಾದಾ ಫೈಲ್‌ಗೆ 51, ಮ್ಯಾಕ್ರೋ ಇರುವುದಕ್ಕೆ 52. ರೆಕಾರ್ಡಿಂಗ್‌ನಲ್ಲಿ ಬುಕ್1, ಬುಕ್3 ಎಂಬ ತಾತ್ಕಾಲಿಕ ಹೆಸರಿನ ಸಾಲೇನಾದರೂ ಬಂದಿದ್ದರೆ ಮ್ಯಾಕ್ರೋ ನಾಳೆ ಅಲ್ಲೇ ನಿಲ್ಲುತ್ತದೆ. ಹಾಗಿದ್ದರೆ ನಡುವೆ ಬೇರೆ ವಿಂಡೋಗೆ ಹೋಗದೆ ಇನ್ನೊಮ್ಮೆ ರೆಕಾರ್ಡ್ ಮಾಡಿ.

ಅಳಿಸುವ ಸಾಲು ಸೇವ್ ಸಾಲಿನ ಕೆಳಗೇ ಇರಬೇಕು, ಎಂದೂ ಮೇಲೆ ಬರಬಾರದು. ಅದೇ ಹೆಸರಿನ ಫೈಲ್ ಮೊದಲೇ ಇದ್ದರೆ ಎಕ್ಸೆಲ್ "ಇದರ ಮೇಲೇ ಬರೆಯಲೇ?" ಎಂದು ಕೇಳುತ್ತದೆ. ಬೇಡ ಅಂದರೆ ಮ್ಯಾಕ್ರೋ ದೋಷ ತೋರಿಸಿ ಅಲ್ಲೇ ನಿಲ್ಲುತ್ತದೆ, ಅಳಿಸುವ ಸಾಲಿನವರೆಗೆ ಹೋಗುವುದೇ ಇಲ್ಲ. ನೋಡಲು ಕೆಟ್ಟದಾದರೂ ಆ ನಿಲ್ಲುವಿಕೆ ನಿಮ್ಮ ಕಾವಲು. ಡಿಸ್‌ಪ್ಲೇಅಲರ್ಟ್ಸ್ ಎಂಬುದನ್ನು ಫಾಲ್ಸ್ ಮಾಡಿದರೆ ಈ ಪ್ರಶ್ನೆ ಬರುವುದಿಲ್ಲ ಎಂದು ಯಾರಾದರೂ ಸಲಹೆ ಕೊಡುತ್ತಾರೆ. ಮಾಡಬೇಡಿ. ಮೈಸೂರಿನಲ್ಲಿ ಪರಿಚಯದವರ ಅಗರಬತ್ತಿ ಗೋದಾಮಿಗೆ ನಾನು ಬರೆದುಕೊಟ್ಟ ಮ್ಯಾಕ್ರೋದಲ್ಲಿ ಆ ಸಾಲು ಇತ್ತು. ತಿಂಗಳ ಹೆಸರಿರುವ ಸೆಲ್ ಬದಲಿಸಲು ಅವರು ಮರೆತರು, ಜೂನ್ ಲೆಕ್ಕ ಮೇ ಫೈಲ್‌ನ ಮೇಲೆ ಸದ್ದಿಲ್ಲದೆ ಕೂತಿತು. ಪೆನ್‌ಡ್ರೈವ್‌ನಲ್ಲಿ ಸಿಕ್ಕ ಪ್ರತಿಯಲ್ಲಿ ಕೊನೆಯ ಆರು ದಿನ ಇರಲಿಲ್ಲ. ಎರಡು ರಾತ್ರಿ ಬಿಲ್ ಕಟ್ಟು ಬಿಚ್ಚಿಕೊಂಡು ಇಬ್ಬರೂ ಕೂತು ಏರಿಸಿದೆವು. ತಪ್ಪು ಅವರದಲ್ಲ, ನನ್ನದು. ಎಚ್ಚರಿಸುವ ಬಾಯನ್ನು ಮುಚ್ಚಿಸಿದ್ದು ನಾನು. ಮ್ಯಾಕ್ರೋ ಮಾಡಿದ ಕೆಲಸಕ್ಕೆ ಕಂಟ್ರೋಲ್ ಝಡ್ ಕೂಡ ಇಲ್ಲ ಎಂಬುದನ್ನು ಇಲ್ಲಿ ಸೇರಿಸಿಕೊಳ್ಳಿ.

ಶೀಟ್ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ ಎಂದೆನಲ್ಲ, ಅದಕ್ಕೆ ಬರೋಣ. ಎಕ್ಸೆಲ್‌ಗೆ ಕನ್ನಡ ಚೆನ್ನಾಗಿ ಬರುತ್ತದೆ, ಆದರೆ ಮ್ಯಾಕ್ರೋ ಬರೆಯುವ ಎಡಿಟರ್‌ಗೆ ಬರುವುದಿಲ್ಲ. ಅದು ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ಗಿಂತ ಹಿಂದಿನ ವ್ಯವಸ್ಥೆಯಲ್ಲೇ ಉಳಿದಿದೆ, ಆ ವ್ಯವಸ್ಥೆಯಲ್ಲಿ ವಿಂಡೋಸ್ ಕನ್ನಡಕ್ಕೆ ಜಾಗ ಕೊಟ್ಟಿರಲಿಲ್ಲ. "ಬೆಲ್ಲ" ಎಂದು ಕೋಡ್‌ನಲ್ಲಿ ಟೈಪ್ ಮಾಡಿದರೆ ಸಾಲುಗಟ್ಟಿದ ಪ್ರಶ್ನೆಚಿಹ್ನೆಗಳು ಕಾಣುತ್ತವೆ. ಕನ್ನಡ ಹೆಸರಿನ ಫೈಲ್ ಬೇಡವೆಂದು ಕೈಬಿಡಬೇಕಾಗಿಲ್ಲ. ಹೆಸರನ್ನು ಸೆಲ್‌ನಲ್ಲಿ ಕಟ್ಟಿದ್ದೇವಲ್ಲ, ಅಲ್ಲಿ "ಬೆಲ್ಲದ ಲೆಕ್ಕ 2025-04-05" ಎಂದು ಧಾರಾಳವಾಗಿ ಬರೆಯಿರಿ. ಸೇವ್‌ಆಸ್ ಅದನ್ನು ಕನ್ನಡದಲ್ಲೇ ಸೇವ್ ಮಾಡುತ್ತದೆ. ಕೋಡ್ ಬರೀ ಸೆಲ್‌ನ ಗುರುತನ್ನು ಹಿಡಿದಿದೆ, ಕನ್ನಡವನ್ನು ಅದು ಕಾಣಬೇಕಾಗೇ ಇಲ್ಲ.

ಒಂದು ಷರತ್ತು ಇದೆ. ಸೆಲ್‌ನಲ್ಲಿರುವ ಕನ್ನಡ ಯೂನಿಕೋಡ್ ಆಗಿರಬೇಕು. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಪರದೆಯ ಮೇಲೆ ಕನ್ನಡದಂತೆ ಕಂಡರೂ ಒಳಗೆ ಬೇರೆ ಸಂಕೇತಗಳ ಸಾಲು, ಕನ್ನಡದ ರೂಪ ಕೊಡುತ್ತಿರುವುದು ಫಾಂಟ್ ಮಾತ್ರ. ಫೈಲ್‌ನ ಹೆಸರಿಗೆ ಫಾಂಟ್ ಹಚ್ಚಲು ಬರುವುದಿಲ್ಲ, ಅಲ್ಲಿ ಅರ್ಥವಾಗದ ಅಕ್ಷರಗಳು ಬಯಲಾಗುತ್ತವೆ. ಸೆಲ್‌ನ ಫಾಂಟನ್ನು ಏರಿಯಲ್‌ಗೆ ಬದಲಿಸಿ ನೋಡಿ. ಕನ್ನಡ ಕನ್ನಡವಾಗೇ ಉಳಿದರೆ ಯೂನಿಕೋಡ್, ಕಲಸಿಹೋದರೆ ಹಳೆಯದು. ಹಳೆಯದಾದರೆ ಪರಿವರ್ತಕದಲ್ಲಿ ಬದಲಿಸಿಕೊಳ್ಳಿ. ಹತ್ತು ಹದಿನೈದು ವರ್ಷದ ಹಿಂದಿನ ಲೆಕ್ಕ ಇಟ್ಟುಕೊಂಡಿರುವ ಮಂಡಿಗಳಲ್ಲಿ, ಸಂಘಗಳಲ್ಲಿ ಈ ಕೆಲಸ ದೊಡ್ಡದೇ ಇರುತ್ತದೆ. ಆದರೂ ಒಂದು ಸಲ ಮಾಡಿಬಿಡುವುದು ಒಳ್ಳೆಯದು, ಹುಡುಕಲೂ ಅದರಿಂದಲೇ ದಾರಿ.

ಹಳೆಯ ಫೈಲ್‌ಗಳ ಹೆಸರನ್ನು ಒಟ್ಟಿಗೆ ಬದಲಿಸುವುದು ಇನ್ನೊಂದು ಕೆಲಸ. ಅಲ್ಲಿ ನೇಮ್ ಆಜ್ಞೆ ಬರುತ್ತದೆ. ಒಂದು ಕಾಲಂನಲ್ಲಿ ಹಳೆಯ ಹೆಸರು, ಪಕ್ಕದಲ್ಲಿ ಹೊಸ ಹೆಸರು ಬರೆದು, ಪೂರ್ತಿ ಪಟ್ಟಿಯನ್ನು ಕಣ್ಣಲ್ಲಿ ನೋಡಿ, ಆಮೇಲೆ ಮ್ಯಾಕ್ರೋ ಓಡಿಸುವುದು ಕ್ರಮ. ಹಳೆಯ ಫೈಲ್ ಸಿಗದಿದ್ದರೆ 53, ಹೊಸ ಹೆಸರು ಮೊದಲೇ ಇದ್ದರೆ 58 ಎಂಬ ದೋಷಸಂಖ್ಯೆ ಬರುತ್ತದೆ. ಹೆಸರುಗಳಲ್ಲಿ ಕನ್ನಡ ಇದ್ದರೆ ನೇಮ್ ಕೆಲಸಕ್ಕೆ ಬಾರದು, ಫೈಲ್‌ಸಿಸ್ಟಮ್‌ಆಬ್ಜೆಕ್ಟ್ ಎಂಬುದರ ಮೂವ್‌ಫೈಲ್ ಬೇಕು. ಇದಕ್ಕೆ ಕೋಡ್ ಬಲ್ಲವರ ಸಹಾಯ ಪಡೆಯಿರಿ, ಮೊದಲು ಇಡೀ ಫೋಲ್ಡರ್‌ನ ನಕಲು ಮಾಡಿಟ್ಟೇ ಕೈಹಾಕಿ.

ಯಾರಾದರೂ ವಾಟ್ಸಾಪ್‌ನಲ್ಲೋ ಮೇಲ್‌ನಲ್ಲೋ ಮ್ಯಾಕ್ರೋ ಇರುವ ಫೈಲ್ ಕಳಿಸಿದರೆ ಅದು ಓಡದೆ ಹೋಗಬಹುದು. 2022ರಿಂದ ಮೈಕ್ರೋಸಾಫ್ಟ್ ಇಂಟರ್‌ನೆಟ್‌ನಿಂದ ಬಂದ ಫೈಲ್‌ಗಳ ಮ್ಯಾಕ್ರೋಗಳನ್ನು ತಡೆದಿಡುತ್ತದೆ, ಮೇಲೆ ಕೆಂಪು ಪಟ್ಟಿ ತೋರಿಸುತ್ತದೆ. ಕಳಿಸಿದವರನ್ನು ಖುದ್ದಾಗಿ ಬಲ್ಲಿರಾದರೆ ಮಾತ್ರ ಫೈಲ್‌ನ ಪ್ರಾಪರ್ಟೀಸ್‌ಗೆ ಹೋಗಿ ಅನ್‌ಬ್ಲಾಕ್ ಗುರುತು ಹಾಕಿ. ನೀವೇ ರೆಕಾರ್ಡ್ ಮಾಡಿದ್ದಕ್ಕೆ ಈ ತಡೆ ಇಲ್ಲ. ಮೊಬೈಲ್‌ನ ಎಕ್ಸೆಲ್‌ನಲ್ಲಿ ಮ್ಯಾಕ್ರೋ ಓಡುವುದಿಲ್ಲ. ಆದರೆ ಬಟನ್ ಒತ್ತಿ ಹೊರತೆಗೆದ ದಿನದ ಫೈಲ್‌ನಲ್ಲಿ ಮ್ಯಾಕ್ರೋ ಇಲ್ಲವಾದ್ದರಿಂದ, ಮಂಡಿ ಯಜಮಾನರು ಅದನ್ನು ಫೋನ್‌ನಲ್ಲೇ ತೆರೆದು ನೋಡಬಹುದು.

ಮೊದಲ ಒಂದು ವಾರ ಮ್ಯಾಕ್ರೋವನ್ನು ಪೂರ್ತಿ ನಂಬಬೇಡಿ. ಬಟನ್ ಒತ್ತುವ ಮುಂಚೆ ಆ ದಿನದ ಶೀಟನ್ನು ಪ್ರಿಂಟ್ ತೆಗೆದಿಡಿ, ಒತ್ತಿದ ಮೇಲೆ ಹೊಸ ಫೈಲ್ ತೆರೆದು ಒಟ್ಟು ತೂಕ, ಒಟ್ಟು ಮೊತ್ತ ಎರಡನ್ನೂ ತಾಳೆ ನೋಡಿ.