ಗಮನವನ್ನು ಕಂಪ್ಯೂಟರ್ ಅಳೆಯುವ ಬಗೆ

ಪರದೆಯ ನಡುವೆ ಒಂದೊಂದೇ ಇಂಗ್ಲಿಷ್ ಅಕ್ಷರ ಮೂಡಿ ಕಾಲು ಸೆಕೆಂಡಿನಲ್ಲಿ ಮಾಯವಾಗುತ್ತದೆ. ಯಾವ ಅಕ್ಷರ ಬಂದರೂ ಸ್ಪೇಸ್ ಬಾರ್ ಒತ್ತಬೇಕು, ಎಕ್ಸ್ ಬಂದಾಗ ಮಾತ್ರ ಸುಮ್ಮನಿರಬೇಕು. ಒಟ್ಟು 360 ಅಕ್ಷರ, ಸುಮಾರು 14 ನಿಮಿಷ. ಕಾನರ್ಸ್ ಸಿಪಿಟಿ ಎಂಬ ಈ ಪರೀಕ್ಷೆ ಮೊದಲೆರಡು ನಿಮಿಷ ಮಕ್ಕಳಾಟ ಎನಿಸುತ್ತದೆ. ಆಮೇಲೆ ಬೇಸರ ಹತ್ತುತ್ತದೆ. ಬೇಸರದಲ್ಲೂ ಗಮನ ನಿಲ್ಲುತ್ತದೆಯೇ ಎಂದು ನೋಡುವುದೇ ಉದ್ದೇಶವಾದ್ದರಿಂದ ಅದನ್ನು ಹಾಗೆಯೇ ಕಟ್ಟಲಾಗಿದೆ. ಈ ಬಗೆಯ ಪರೀಕ್ಷೆ ಮೊದಲು ಬಂದದ್ದು 1956ರಲ್ಲಿ, ಮಿದುಳಿನ ಹಾನಿಯನ್ನು ಗುರುತಿಸಲು.

ತಪ್ಪು ಎರಡು ತರಹ. ಒತ್ತಬೇಕಾದಲ್ಲಿ ಒತ್ತದಿರುವುದು ಸಾಮಾನ್ಯವಾಗಿ ಗಮನ ಜಾರಿದ ಗುರುತು. ಎಕ್ಸ್ ಕಂಡರೂ ಒತ್ತಿಬಿಡುವುದನ್ನು ಮಾತ್ರ ದುಡುಕು ಎಂದು ಕೂಡಲೇ ತೀರ್ಮಾನಿಸಬಾರದು. 'ಆದಷ್ಟು ಬೇಗ ಒತ್ತಿ' ಎಂದಷ್ಟೇ ಹೇಳಿದರೆ ಯಾರಾದರೂ ವೇಗಕ್ಕೆ ಬಿದ್ದು ತಪ್ಪು ಮಾಡುತ್ತಾರೆ. 'ಬೇಗ ಒತ್ತಿ, ಆದರೆ ತಪ್ಪದಂತೆ' ಎಂದು ಎಲ್ಲರಿಗೂ ಒಂದೇ ಮಾತಿನಲ್ಲಿ ಹೇಳಬೇಕು.

ವರದಿಯಲ್ಲಿ ಸರಾಸರಿ ವೇಗಕ್ಕಿಂತ ಮುಖ್ಯವಾದ ಅಂಕಿ ಇನ್ನೊಂದಿದೆ: ಏರಿಳಿತ. ಒಬ್ಬರು ಹತ್ತು ಸಲವೂ 400 ಮಿಲಿಸೆಕೆಂಡಿನ ಆಸುಪಾಸಿನಲ್ಲೇ ಒತ್ತಿದರು ಎನ್ನಿ. ಇನ್ನೊಬ್ಬರು ಒಂಬತ್ತು ಸಲ 345ಕ್ಕೆ ಒತ್ತಿ, ಒಂದು ಸಲ 895ರವರೆಗೆ ಎಳೆದರು. ಇಬ್ಬರ ಸರಾಸರಿಯೂ 400. ಎರಡನೆಯವರಿಗೆ ವೇಗದ ಕೊರತೆಯಿಲ್ಲ, ನಡುವೆ ಒಮ್ಮೆ ಮನಸ್ಸು ಅಲ್ಲಿರಲಿಲ್ಲ, ಅಷ್ಟೆ. ಎಡಿಎಚ್‌ಡಿ (ಗಮನದ ಕೊರತೆ, ಅತಿ ಚಟುವಟಿಕೆಯ ತೊಂದರೆ) ಇರುವ ವಯಸ್ಕರಲ್ಲೂ ನಿದ್ದೆಗೆಟ್ಟವರಲ್ಲೂ ಹೆಚ್ಚಾಗಿ ಕಾಣುವುದು ಈ ಏರಿಳಿತ. ಹಾಗಾಗಿ ಹಿಂದಿನ ರಾತ್ರಿ ಎಷ್ಟು ಗಂಟೆ ಮಲಗಿದ್ದರು ಎಂದು ಕೇಳದೆ ಪರೀಕ್ಷೆ ಶುರುಮಾಡಬಾರದು. ಇನ್ನು 100 ಮಿಲಿಸೆಕೆಂಡಿಗಿಂತ ಮೊದಲೇ ಬಂದ ಒತ್ತನ್ನು ಉತ್ತರವೆಂದು ಎಣಿಸುವಂತಿಲ್ಲ. ಕಣ್ಣು ಕಂಡು ಬೆರಳು ಅಲುಗಲು ಅಷ್ಟು ಸಮಯ ಸಾಲದು, ಅದು ಅಂದಾಜಿನ ಒತ್ತು.

ವರ್ಕಿಂಗ್ ಮೆಮೊರಿ, ಅಂದರೆ ವಿಷಯವನ್ನು ತಲೆಯಲ್ಲಿ ಹಿಡಿದುಕೊಂಡೇ ಅದರ ಮೇಲೆ ಕೆಲಸ ಮಾಡುವ ಶಕ್ತಿ. ಅದಕ್ಕೆ ಹೆಚ್ಚು ಬಳಕೆಯಲ್ಲಿರುವ ಪರೀಕ್ಷೆಗಳಲ್ಲಿ ಎನ್-ಬ್ಯಾಕ್ ಒಂದು. ಸಾಮಾನ್ಯವಾಗಿ ಅಕ್ಷರ ಅರ್ಧ ಸೆಕೆಂಡು ಕಾಣುತ್ತದೆ, ನಂತರ ಎರಡೂವರೆ ಸೆಕೆಂಡು ಬಿಡುವು. 2-ಬ್ಯಾಕ್‌ನಲ್ಲಿ, ಈಗ ಬಂದದ್ದು ಎರಡು ಅಕ್ಷರ ಹಿಂದೆ ಬಂದದ್ದೇ ಆಗಿದ್ದರೆ ಒತ್ತಬೇಕು. ಕ, ಮ, ಕ, ತ, ಮ, ತ ಎಂಬ ಸಾಲನ್ನೇ ನೋಡಿ. ಮೂರನೆಯ 'ಕ'ಕ್ಕೂ ಆರನೆಯ 'ತ'ಕ್ಕೂ ಒತ್ತಬೇಕು. ಐದನೆಯ 'ಮ' ಬಲೆ: ಅದು ಬಂದಿದ್ದು ಮೂರು ಹಿಂದೆ. 'ಇದನ್ನು ಈಗಷ್ಟೇ ನೋಡಿದೆನಲ್ಲ' ಎಂಬ ಪರಿಚಯದ ಮೇಲೆ ಒತ್ತುವವರು ಇಲ್ಲಿ ಸಿಕ್ಕಿಬೀಳುತ್ತಾರೆ. ಇಂಥ ಬಲೆಗಳಿಲ್ಲದ ಎನ್-ಬ್ಯಾಕ್ ಅನ್ನು ಬರಿಯ ಪರಿಚಯದ ಬಲದಲ್ಲೇ ದಾಟಬಹುದು. ಉಚಿತ ಆ್ಯಪ್ ಆರಿಸುವಾಗ ನೋಡಬೇಕಾದ ಮೊದಲ ಸಂಗತಿ ಇದು.

ಶೇಕಡಾವಾರು ಅಂಕವೂ ದಾರಿ ತಪ್ಪಿಸುತ್ತದೆ. ಮೂರರಲ್ಲೊಂದು ಅಕ್ಷರಕ್ಕೆ ಮಾತ್ರ ಒತ್ತಬೇಕಿದ್ದರೆ, ಏನೂ ಮಾಡದೆ ಕುಳಿತವರಿಗೂ ಶೇ. 67 ಬರುತ್ತದೆ! ಆದ್ದರಿಂದ ಸರಿಯಾದ ಒತ್ತು, ತಪ್ಪು ಒತ್ತು ಎರಡನ್ನೂ ಸೇರಿಸಿ 'ಡಿ-ಪ್ರೈಮ್' ಎಂಬ ಅಳತೆ ತೆಗೆಯುತ್ತಾರೆ. ಅದು ಹೆಚ್ಚಿದ್ದಷ್ಟೂ ಒತ್ತಬೇಕಾದದ್ದನ್ನೂ ಒತ್ತಬಾರದ್ದನ್ನೂ ಚೆನ್ನಾಗಿ ಬೇರ್ಪಡಿಸಿದರು ಎಂದರ್ಥ. ಒತ್ತಬೇಕಾದವುಗಳಲ್ಲಿ ಶೇ. 80ಕ್ಕೆ, ಒತ್ತಬಾರದವುಗಳಲ್ಲಿ ಶೇ. 10ಕ್ಕೆ ಒತ್ತಿದವರಿಗೆ ಅದು ಸುಮಾರು 2.1. ಶೇ. 90 ಸರಿ, ಶೇ. 40 ತಪ್ಪು ಒತ್ತಿದವರಿಗೆ 1.5 ಮಾತ್ರ.

ಯಂತ್ರದ ಕಡೆಯಿಂದಲೂ ಎಡವಟ್ಟುಗಳಿವೆ. 60 ಹರ್ಟ್ಸ್ ಪರದೆ 16.7 ಮಿಲಿಸೆಕೆಂಡಿಗೊಮ್ಮೆ ಮಾತ್ರ ಚಿತ್ರ ಬದಲಿಸುತ್ತದೆ. ಸಾಧಾರಣ ಯುಎಸ್‌ಬಿ ಕೀಬೋರ್ಡ್‌ನ ಒತ್ತನ್ನು ಕಂಪ್ಯೂಟರ್ ಕೇಳಿಕೊಳ್ಳುವುದು 8 ಮಿಲಿಸೆಕೆಂಡಿಗೊಮ್ಮೆ. ಟಚ್ ಸ್ಕ್ರೀನ್, ಬ್ಲೂಟೂತ್ ಕೀಬೋರ್ಡ್‌ಗಳಲ್ಲಿ ಇನ್ನೂ ಹತ್ತಾರು ಮಿಲಿಸೆಕೆಂಡು ಸೇರಿಕೊಳ್ಳಬಹುದು. ಅದೇ ವ್ಯಕ್ತಿಯನ್ನು ಅದೇ ಯಂತ್ರದಲ್ಲಿ ಅಳೆದರೆ ಇದು ಅಷ್ಟಾಗಿ ಬಾಧಿಸದು. ಮೊಬೈಲಿನಲ್ಲಿ ಬಂದ ವೇಗವನ್ನು ಲ್ಯಾಬಿನ ಮಾನದಂಡದ ಪಕ್ಕ ಇಟ್ಟರೆ ಮಾತ್ರ ಆರೋಗ್ಯವಂತರೂ ನಿಧಾನಿಗಳಾಗಿ ಕಾಣುತ್ತಾರೆ.

ಮಾನದಂಡ ಯಾರದ್ದು ಎಂಬುದೂ ಅಷ್ಟೇ ಮುಖ್ಯ. ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ಹೊರತಂದ ಪರೀಕ್ಷೆಗಳ ಗುಚ್ಛದಲ್ಲಿ ಎನ್-ಬ್ಯಾಕ್ ಇದೆ. ವಯಸ್ಸು, ಲಿಂಗ, ಓದಿನ ಮಟ್ಟಕ್ಕೆ ತಕ್ಕಂತೆ ಇಲ್ಲಿಯವರದೇ ಮಾನದಂಡಗಳೂ ಇವೆ. ಆದರೆ ಅಲ್ಲಿ ಅಕ್ಷರಗಳನ್ನು ಪರೀಕ್ಷಕರು ಓದಿ ಹೇಳುವುದರಿಂದ, ಆ ಅಂಕಿಗಳನ್ನು ಪರದೆಯ ಪರೀಕ್ಷೆಗೆ ನೇರವಾಗಿ ಅಂಟಿಸುವಂತಿಲ್ಲ.

ಅಂಕ ಕಡಿಮೆ ಬಂದ ಮಾತ್ರಕ್ಕೆ ಎಡಿಎಚ್‌ಡಿ ಎಂದಲ್ಲ, ಚೆನ್ನಾಗಿ ಬಂದರೆ ಇಲ್ಲವೆಂದೂ ಅಲ್ಲ. ಆತಂಕ, ಖಿನ್ನತೆ, ಕನ್ನಡಕ ಮರೆತು ಬಂದದ್ದು ಎಲ್ಲವೂ ಅಂಕ ಇಳಿಸುತ್ತವೆ. ರೋಗ ನಿರ್ಣಯಕ್ಕೆ ಬೇಕಾದ, 12 ವರ್ಷಕ್ಕೆ ಮುಂಚೆಯೇ ಲಕ್ಷಣಗಳಿದ್ದವೇ ಎಂಬ ಪ್ರಶ್ನೆಗೆ ಯಾವ ಸಾಫ್ಟ್‌ವೇರೂ ಉತ್ತರಿಸದು. ಅದನ್ನು ಮನೆಯವರನ್ನೇ ಕೇಳಬೇಕು.

ಎರಡನೇ ಸಲ ಕುಳಿತಾಗ, ವಿಶೇಷವಾಗಿ ಎನ್-ಬ್ಯಾಕ್‌ನಲ್ಲಿ, ಅಭ್ಯಾಸದಿಂದಲೇ ಅಂಕ ಏರುತ್ತದೆ. ಎಡಿಎಚ್‌ಡಿಗೆ ಕೊಡುವ ಮಾತ್ರೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಅಳೆದರೆ ಈ ಏರಿಕೆ ಮಾತ್ರೆಯ ಲೆಕ್ಕಕ್ಕೆ ಹೋಗಿಬಿಡುತ್ತದೆ. ಆದ್ದರಿಂದ ಔಷಧ ಶುರುಮಾಡುವ ಮೊದಲೇ ಎರಡು ಸಲ ಪರೀಕ್ಷೆ ಮಾಡಿ, ಎರಡನೆಯದನ್ನೇ ಹೋಲಿಕೆಗೆ ಇಟ್ಟುಕೊಳ್ಳುವುದು ಒಳ್ಳೆಯದು.