ಮ್ಯಾನೇಜರ್ ಆದ್ಮೇಲೂ ಕೆಲ್ಸಕ್ಕೆ ಕೈ ಹಾಕ್ಬೇಕಾ?

ಪ್ರಶ್ನೆ: ಟೀಮ್ ಲೀಡ್ ಆಗಿ 6 ತಿಂಗ್ಳಾಯ್ತು ಸಾರ್, ಸಾಫ್ಟ್‌ವೇರ್ ಕೆಲ್ಸ. ಕೈ ಹಾಕಿದ್ರೆ ಹುಡುಗ್ರು ಮೈಕ್ರೋಮ್ಯಾನೇಜ್ ಅಂತಾರೆ, ಹಾಕ್ದಿದ್ರೆ ಇವ್ರಿಗೇನ್ ಗೊತ್ತು ಅಂತಾರೆ. ಏನ್ ಮಾಡ್ಲಿ?

ಕೈ ಹಾಕಿ, ಆದ್ರೆ ಅವ್ರ ಕೈಲಿರೋದನ್ನ ಕಿತ್ಕೋಬೇಡಿ.

ಬೆಳಿಗ್ಗೆ 8:30ಕ್ಕೆ ಯಾವ್ದಾದ್ರೂ ದರ್ಶಿನಿಗೆ ಹೋಗಿ ನೋಡಿ. ಒಳ್ಳೆ ಓನರ್ ಕ್ಯಾಶಲ್ಲಿ ಕೂತಿದ್ರೂ ಕಣ್ಣೆಲ್ಲ ತಟ್ಟೆಗಳ ಮೇಲೇ ಇರತ್ತೆ, ಚಟ್ನಿ ಹಾಗ್ಹಾಗೇ ಮಿಕ್ಕಿ ಬರ್ತಿದ್ರೆ ಎದ್ದು ಒಳಗೋಗಿ ಒಂಚೂರು ನಾಲಿಗೆಗೆ ಹಾಕ್ಕೊಂಡು "ಉಪ್ಪು ಜಾಸ್ತಿ ಆಯ್ತು ನೋಡಿ ಭಟ್ರೇ" ಅಂತಾರೆ, ರಶ್ ಆದ್ರೆ ತಾವೇ ಟೇಬಲ್ಲೂ ಒರೆಸ್ತಾರೆ, ಆದ್ರೆ ಭಟ್ರ ಕೈಯಿಂದ ಸೌಟು ಮಾತ್ರ ಕಿತ್ಕೊಳಲ್ಲ. ಕಿತ್ಕೊಂಡ್ರೆ ನಾಳೆ ಭಟ್ರು ಎದುರುಗಡೆ ಹೋಟ್ಲಲ್ಲಿ!

ಟೊಯೊಟಾದವ್ರು ಹೀಗೆ ಕೆಲ್ಸ ನಡೆಯೋ ಜಾಗಕ್ಕೆ ಗೆಂಬಾ ಅಂತಾರೆ, ಸಮಸ್ಯೆ ಇದ್ರೆ ರಿಪೋರ್ಟ್ ಓದ್ತಾ ಕೂರ್ಬೇಡಿ, ಅಲ್ಲಿಗೇ ಹೋಗಿ ಅನ್ನೋದು ಅವ್ರ ಪದ್ಧತಿ. ಅಲ್ಲಿನ ಹಳೇ ಇಂಜಿನಿಯರ್ ತೈಚಿ ಒನೊ ನೆಲದ ಮೇಲೆ ಚಾಕ್‌ಪೀಸಲ್ಲಿ ರೌಂಡ್ ಹಾಕಿ ಅದ್ರೊಳಗೆ ಜನರನ್ನ ಗಂಟೆಗಟ್ಲೆ ನಿಲ್ಲಿಸ್ತಿದ್ರಂತೆ, ಸುಮ್ನೆ ನೋಡಿ ಅಂತ. ಲೈನಲ್ಲಿ ತೊಂದ್ರೆ ಕಂಡ್ರೆ ಸಹಾಯಕ್ಕೆ ಕರೆಯೋ ಹಗ್ಗ ಎಳೆಯೋದು ಕೆಲಸಗಾರ, ಓಡಿ ಬರ್ಬೇಕಾದ್ದು ಲೀಡರ್. ನಂಗೆ ತುಂಬಾ ಇಷ್ಟ ಆಗೋದು ಇದೇ.

ನಾನು ಮಾಡಿದ್ದು ಉಲ್ಟಾ. ಪೀಣ್ಯದ ಒಂದು ಮಷೀನ್ ಶಾಪಲ್ಲಿ ಸೂಪರ್‌ವೈಸರ್ ಆದ ಹೊಸ್ತು, ಪೀಸಿನ ಬೋರ್, ಅಂದ್ರೆ ಒಳಗಿನ ತೂತು, ಚಿಕ್ದಾಗಿ ಬರ್ತಿತ್ತು, ಆಪರೇಟರ್ ಹುಡುಗನ್ನ ಪಕ್ಕಕ್ಕೆ ಸರಿಸಿ ನಾನೇ ಮಷೀನಲ್ಲಿ ಆಫ್‌ಸೆಟ್, ಅಂದ್ರೆ ಟೂಲಿನ ಅಳತೆ ಸೆಟ್ಟಿಂಗ್, ಚೇಂಜ್ ಮಾಡ್ದೆ, ಪೀಸ್ ಓಕೆ ಬಂತು, ಎದೆ ಉಬ್ಬಿಸ್ಕೊಂಡು ಟೀಗೆ ಹೋದೆ. ವಾಪಸ್ ಬರೋಷ್ಟ್ರಲ್ಲಿ 14 ಪೀಸ್ ರಿಜೆಕ್ಟ್. ಟೂಲಿನ ತುದೀಲಿ ಕೊರೆಯೋ ಇನ್ಸರ್ಟೇ ಸವೆದೋಗಿತ್ತು, ಅದು ಅವ್ನಿಗೆ ಮೊದ್ಲೇ ಗೊತ್ತಿತ್ತಂತೆ. "ನೀವು ಕೇಳ್ಲೇ ಇಲ್ವಲ್ಲ ಸಾರ್" ಅಂದ.

ನಿಮ್ ಕೆಲ್ಸದಲ್ಲಿ ಹೇಳೋದಾದ್ರೆ, ರಿಲೀಸ್‌ಗೆ ಬೇಕೇಬೇಕಾದ ಟಾಸ್ಕ್ ನೀವು ಇಟ್ಕೋಬೇಡಿ, ನೀವು ಮೀಟಿಂಗಲ್ಲಿ ಸಿಕ್ಕಾಕೊಂಡ್ರೆ ಇಡೀ ಟೀಮ್ ಕಾಯತ್ತೆ. ಯಾರಿಗೂ ಬೇಡವಾದ ಸಣ್ಣ ಬಗ್ ತಗೊಳ್ಳಿ, ಕಸ್ಟಮರ್ ಜೊತೆ ಫೋನ್ ಕಾಲ್ ನಡೀವಾಗ ಕೂತು ಕೇಳಿಸ್ಕೊಳ್ಳಿ. ನೀವು ಬರ್ದ ಕೋಡನ್ನ ನಿಮ್ ಜೂನಿಯರ್ ಹತ್ರಾನೇ ರಿವ್ಯೂ ಮಾಡಿಸಿ. ಅವ್ನು ತಪ್ಪು ಹಿಡಿದಾಗ ಮುಖ ಗಂಟು ಹಾಕ್ಬೇಡಿ, ಹುಡುಗ್ರು ಮೊದ್ಲು ನೋಡೋದು ಅದನ್ನೇ.