'ರನ್' ಅನ್ನೋ ಒಂದು ಪದಕ್ಕೆ 645 ಅರ್ಥ, ಆದ್ರೂ ತಲೆ ಯಾಕೆ ಕೆಡಲ್ಲ?

ಇಂಗ್ಲಿಷಲ್ಲಿ ಅತಿ ಹೆಚ್ಚು ಅರ್ಥ ಇರೋ ಪದ ಅಂದ್ರೆ ಯಾವುದೋ ಉದ್ದುದ್ದ ಕಷ್ಟದ ಪದ ಅಲ್ಲ, ಒಂದನೇ ಕ್ಲಾಸ್ ಮಗುಗೂ ಗೊತ್ತಿರೋ 'ರನ್'. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಪೀಟರ್ ಗಿಲಿವರ್ ಇದೊಂದೇ ಪದ ಹಿಡ್ಕೊಂಡು ಸುಮಾರು 9 ತಿಂಗಳು ಕೂತ್ರು, ಕ್ರಿಯಾಪದವಾಗಿ ಮಾತ್ರನೇ 645 ಅರ್ಥ ಸಿಕ್ತು. ಅದಕ್ಕೂ ಮುಂಚೆ ತುಂಬಾ ವರ್ಷ 'ಸೆಟ್' ಮೊದಲ ಸ್ಥಾನದಲ್ಲಿತ್ತು.

ಮೂಗು ಸೋರಿದ್ರೂ ರನ್, ಬಟ್ಟೆ ಬಣ್ಣ ಬಿಟ್ರೂ ರನ್, ಅಂಗಡಿ ನಡೆಸಿದ್ರೂ ರನ್, ಅಮೆರಿಕದಲ್ಲಿ ಚುನಾವಣೆಗೆ ನಿಂತ್ರೂ ರನ್ನೇ, ಇನ್ನು ಮನೇಲಿ ಅಕ್ಕಿ ಖಾಲಿಯಾದ್ರೂ ರನ್ ಔಟ್, ಗ್ರೌಂಡಲ್ಲಿ ವಿಕೆಟ್ ಹೋದ್ರೂ ರನ್ ಔಟ್. ಎಂಜಿನ್, ರೈಲು, ಕಂಪ್ಯೂಟರ್ ಪ್ರೋಗ್ರಾಮ್ ಒಂದೊಂದಾಗಿ ಬಂದ ಹಾಗೆ ಪಟ್ಟಿ ಇನ್ನೂ ಬೆಳೀತು. ಪದಗಳ ಬಳಕೆ ಲೆಕ್ಕ ಹಾಕ್ತಿದ್ದ ಭಾಷಾ ಸಂಶೋಧಕ ಜಾರ್ಜ್ ಜಿಪ್ಫ್ 1945ರಲ್ಲೇ ಹೇಳಿದ್ರು, ಪದ ಹೆಚ್ಚು ಬಳಕೆ ಆದಷ್ಟೂ ಅದಕ್ಕೆ ಅರ್ಥ ಜಾಸ್ತಿ ಅಂತ. ಲೆಕ್ಕ ಹೆಚ್ಚುಕಮ್ಮಿ ವರ್ಗಮೂಲದ್ದು, 100 ಪಟ್ಟು ಹೆಚ್ಚು ಬಳಸೋ ಪದಕ್ಕೆ ಸುಮಾರು 10 ಪಟ್ಟು ಅರ್ಥ.

ನನಗೆ ಇದಕ್ಕಿಂತ ಅದ್ಭುತ ಅನ್ಸೋದು ನಮ್ಮ ಮೆದುಳು ಇದನ್ನೆಲ್ಲ ನಿಭಾಯಿಸೋ ರೀತಿ. 1979ರಲ್ಲಿ ಮನಶ್ಶಾಸ್ತ್ರಜ್ಞ ಡೇವಿಡ್ ಸ್ವಿನ್ನಿ ಒಂದು ಪ್ರಯೋಗ ಮಾಡಿದ್ರು. 'ಬಗ್' ಅಂದ್ರೆ ಹುಳಾನೂ ಹೌದು, ಕದ್ದು ಕೇಳೋಕೆ ಇಡೋ ಮೈಕೂ ಹೌದು. ರೂಮಿನ ಮೂಲೇಲಿ ಜೇಡ, ಜಿರಳೆ, ಬೇರೆ ಬಗ್‌ಗಳು ಸಿಕ್ವು ಅನ್ನೋ ವಾಕ್ಯ ಕಿವಿಗೆ ಕೇಳಿಸ್ತಾ, ಬಗ್ ಅಂದ ತಕ್ಷಣ ಸ್ಕ್ರೀನ್ ಮೇಲೆ 'ಇರುವೆ', 'ಗೂಢಚಾರ', ಇಲ್ಲಾ ಸಂಬಂಧನೇ ಇಲ್ಲದ 'ಹೊಲಿ' ಅನ್ನೋ ಅರ್ಥದ ಇಂಗ್ಲಿಷ್ ಪದ ತೋರಿಸಿದ್ರು, ಇದು ನಿಜವಾದ ಪದ ಹೌದೋ ಅಲ್ವೋ ಹೇಳ್ಬೇಕು ಅಷ್ಟೇ. ಜೇಡ, ಜಿರಳೆ ಅಂತ ಅಷ್ಟು ಸ್ಪಷ್ಟವಾಗಿ ಕೇಳಿದ್ರೂ ಜನ ಇರುವೆ, ಗೂಢಚಾರ ಎರಡಕ್ಕೂ 'ಹೊಲಿ'ಗಿಂತ ಬೇಗ ಉತ್ತರ ಕೊಟ್ರು! ಅಂದ್ರೆ ಎರಡೂ ಅರ್ಥ ತಲೇಲಿ ಒಟ್ಟಿಗೆ ಎದ್ದಿದ್ವು. ಅದೇ ಪದಗಳನ್ನ, ಬಗ್ ಆದ್ಮೇಲೆ ವಾಕ್ಯ ಇನ್ನೂ ಮೂರು ಉಚ್ಚಾರಾಂಶ (ಸಿಲಬಲ್) ದಾಟಿದ ಮೇಲೆ, ಸುಮಾರು ಒಂದು ಸೆಕೆಂಡಿನ ಒಳಗೇ, ತೋರಿಸಿದ್ರೆ ಇರುವೆಗೆ ಮಾತ್ರ ಆ ವೇಗ ಉಳಿದಿತ್ತು. ಬೇಡದ ಅರ್ಥ ಬಂದು ಹೋಗಿದ್ದು ಕೇಳ್ತಿದ್ದೋರ ಗಮನಕ್ಕೇ ಬಂದಿರ್ಲಿಲ್ಲ.

ಅನುವಾದ ಮಾಡೋ ಮಷಿನ್‌ಗೆ ಹೀಗೆ ಸರಿಯಾದ ಅರ್ಥ ಆರಿಸೋದು ತುಂಬಾ ಕಷ್ಟ ಅಂತ 1960ರಲ್ಲಿ ಮಷಿನ್ ಅನುವಾದದ ಸಂಶೋಧಕ ಯೆಹೋಶುವಾ ಬಾರ್-ಹಿಲ್ಲೆಲ್ ವಾದ ಮಾಡಿದ್ರು. ಡಬ್ಬ ಪೆನ್ ಒಳಗಿತ್ತು ಅನ್ನೋದು ಅವರು ಕೊಟ್ಟ ಉದಾಹರಣೆ. ಇಂಗ್ಲಿಷಲ್ಲಿ ಪೆನ್ ಅಂದ್ರೆ ಮಗು ಆಡೋ ಕಟಕಟೆನೂ ಹೌದು, ಆದ್ರೆ ಬರೆಯೋ ಪೆನ್ ಒಳಗೆ ಡಬ್ಬ ಹಿಡಿಯಲ್ಲ ಅನ್ನೋದು ಗೊತ್ತಾಗ್ಬೇಕಾದ್ರೆ ಡಿಕ್ಷನರಿ ಸಾಲಲ್ಲ, ಡಬ್ಬ ಎಷ್ಟು ದೊಡ್ಡದು, ಪೆನ್ ಎಷ್ಟು ಚಿಕ್ಕದು ಅನ್ನೋದು ಗೊತ್ತಿರ್ಬೇಕು.